ಕಳೆದದ್ದು ಮರಳಿ ಬಾರದ ಆಕಾಶ

ಸಿ9ಎನ್-ಸಿಸಿ ಎಂಬ ಸೌರವ್ಯೂಹದಲ್ಲಿ ಒಂದು ದೈತ್ಯ ನೌಕೆಯ ಅವಶೇಷ ಇವತ್ತಿಗೂ ಇದೆ. ಕಟ್ಟಿದವರು ಅದಕ್ಕೆ ಸ್ಟೀವ್ ಎಂದು ಹೆಸರಿಟ್ಟಿದ್ದರು. ಆ ಲೋಕದ ಆಟಗಾರರು ಕಟ್ಟಿದ ಮೊಟ್ಟಮೊದಲ ಟೈಟನ್, ಅಂದರೆ ಅತಿ ದೊಡ್ಡ ವರ್ಗದ ನೌಕೆ, ಅದು. ಬಹಳ ಮಂದಿ ಸೇರಿ ಅದಿರು ಅಗೆದು, ಬಿಡಿಭಾಗ ತಯಾರಿಸಿ, ವೈರಿಗಳ ಕಣ್ಣು ತಪ್ಪಿಸಿ 2006ರಲ್ಲಿ ಅದನ್ನು ಮುಗಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಎದುರಾಳಿ ಕೂಟದವರು ಅದನ್ನು ಹೊಡೆದು ಪುಡಿ ಮಾಡಿದರು. ಮರುದಿನ ಬೆಳಿಗ್ಗೆ ಆ ನೌಕೆ ಮತ್ತೆ ಹುಟ್ಟಿ ಬರಲಿಲ್ಲ. ಹೋದದ್ದು ಹೋಯಿತು. ಆಟದ ತಯಾರಕರು ಆ ಅವಶೇಷವನ್ನು ಸ್ಮಾರಕವಾಗಿ ಅಲ್ಲೇ ಉಳಿಸಿದರು. ಆಮೇಲೆ ಆಟಕ್ಕೆ ಬಂದವರೂ ಅಲ್ಲಿಗೆ ಹೋಗಿ ಅದನ್ನು ನೋಡಿ ಬರುತ್ತಾರೆ.

ಈ ಲೋಕದ ಹೆಸರು ಈವ್ ಆನ್‌ಲೈನ್. ಸಾವಿರಾರು ಜನ ಒಟ್ಟಿಗೇ ಅಂತರ್ಜಾಲದಲ್ಲಿ ಆಡುವ ಬಾಹ್ಯಾಕಾಶ ಯುದ್ಧದ ಆಟ. 2003ರ ಮೇ 6ರಂದು ಶುರುವಾದದ್ದು ಎರಡು ದಶಕ ದಾಟಿಯೂ ನಡೆಯುತ್ತಿದೆ. ಕಂಪ್ಯೂಟರ್ ಆಟ ಎಂದರೆ ಸತ್ತರೆ ಮತ್ತೆ ಆಡುವುದು, ಸೋತರೆ ಹಿಂದಿನ ಹಂತಕ್ಕೆ ಮರಳುವುದು ಎಂದು ತಿಳಿದವರಿಗೆ ಇದರ ನಿಯಮ ಕಠಿಣ ಅನ್ನಿಸುತ್ತದೆ. ಇಲ್ಲಿ ನೌಕೆ ಒಡೆದರೆ ಅದಕ್ಕೆ ಸುರಿದ ದುಡಿಮೆಯೂ ಹೋದಂತೆ. ಈ ಕಠಿಣ ನಿಯಮವೇ ಆಟಕ್ಕೆ ಅದರ ಇತಿಹಾಸವನ್ನೂ ರಾಜಕೀಯವನ್ನೂ ಸ್ನೇಹವನ್ನೂ ಕೊಟ್ಟಿದೆ ಎಂಬುದು ನನ್ನ ದೃಢ ನಂಬಿಕೆ.

ಪುಟ್ಟ ದೇಶದ ದೊಡ್ಡ ಕನಸು

ಆಟವನ್ನು ಕಟ್ಟಿದ ಸಿಸಿಪಿ ಗೇಮ್ಸ್ ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನ ಕಂಪನಿ. ಹುಟ್ಟಿದ್ದು 1997ರಲ್ಲಿ. ಕೈಯಲ್ಲಿ ಹಣವಿರಲಿಲ್ಲ. ಮೊದಲು ಮೇಜಿನ ಮೇಲೆ ಆಡುವ ಒಂದು ಬೋರ್ಡ್ ಆಟವನ್ನು ಮಾಡಿ ತಮ್ಮ ದೇಶದಲ್ಲೇ ಮಾರಿದರು. ಅದರ ಗಳಿಕೆ ಈ ದೊಡ್ಡ ಕೆಲಸಕ್ಕೆ ನೆರವಾಯಿತು. 1984ರಲ್ಲಿ ಬಂದ ಎಲೀಟ್ ಎಂಬ ಹಳೆಯ ಬಾಹ್ಯಾಕಾಶ ಆಟ ಅವರಿಗೆ ಸ್ಫೂರ್ತಿ. ಒಬ್ಬರೇ ಕೂತು ಆಡುತ್ತಿದ್ದ ಆ ವ್ಯಾಪಾರ ಮತ್ತು ಕಾಳಗದ ಲೋಕಕ್ಕೆ ಸಾವಿರಾರು ಜನರನ್ನು ಒಮ್ಮೆಗೇ ಬಿಟ್ಟರೆ ಏನಾದೀತು ಎಂಬ ಪ್ರಶ್ನೆಗೆ ಅವರು ಕಟ್ಟಿ ತೋರಿಸಿದ ಉತ್ತರ ಇದು. 2013ರಲ್ಲಿ ಚಂದಾದಾರರ ಸಂಖ್ಯೆ 5 ಲಕ್ಷ ಮುಟ್ಟಿತು. ಆಗ ಐಸ್‌ಲ್ಯಾಂಡಿನ ಇಡೀ ಜನಸಂಖ್ಯೆ ಸುಮಾರು 3.2 ಲಕ್ಷ. 2018ರಲ್ಲಿ ದಕ್ಷಿಣ ಕೊರಿಯಾದ ಪರ್ಲ್ ಅಬಿಸ್ ಸಂಸ್ಥೆ ಸಿಸಿಪಿಯನ್ನು ಕೊಂಡುಕೊಂಡಿತು.

ಆಟ ನಡೆಯುವ ನಕ್ಷತ್ರ ಪ್ರದೇಶದ ಹೆಸರು ನ್ಯೂ ಈಡನ್. ಅಲ್ಲಿ 7,800ರಷ್ಟು ಸೌರವ್ಯೂಹಗಳಿವೆ. ಹೆಚ್ಚಿನ ಆಟಗಳಲ್ಲಿ ಜನ ಜಾಸ್ತಿಯಾದರೆ ಅದೇ ಲೋಕದ ನಕಲುಗಳನ್ನು ಮಾಡಿ ಬೇರೆ ಬೇರೆ ಸರ್ವರ್‌ಗಳಲ್ಲಿ ಆಡಿಸುತ್ತಾರೆ. ಇಲ್ಲಿ ಹಾಗಿಲ್ಲ. ಚೀನಾಕ್ಕೆ ಮಾತ್ರ ಬೇರೆ ಸರ್ವರ್ ಇದೆ. ಉಳಿದ ಜಗತ್ತಿಗೆಲ್ಲ ಲಂಡನ್‌ನಲ್ಲಿರುವ ಟ್ರಾಂಕ್ವಿಲಿಟಿ ಒಂದೇ. ಬ್ರೆಜಿಲ್‌ನವರು, ರಷ್ಯಾದವರು, ಬೆಂಗಳೂರಿನವರು ಎಲ್ಲರೂ ಒಂದೇ ಆಕಾಶದಲ್ಲಿರುತ್ತಾರೆ. ಆದ್ದರಿಂದ ಅಲ್ಲಿ ನಡೆದ ಒಂದು ದ್ರೋಹವೋ ಗೆಲುವೋ ಎಲ್ಲರ ಪಾಲಿಗೂ ನಡೆದ ಘಟನೆ.

ಕಾಳಗದ ಕಸುಬು

ಸಿನಿಮಾದಲ್ಲಿ ಕಾಣುವ ಹಾಗೆ ಚುಕ್ಕಾಣಿ ತಿರುಗಿಸುತ್ತ ಗುಂಡು ಹಾರಿಸುವ ಕಾಳಗ ಇಲ್ಲಿಲ್ಲ. ಯಾರನ್ನು ಗುರಿ ಹಿಡಿಯಬೇಕು, ಎಷ್ಟು ಕಿಲೋಮೀಟರ್ ದೂರದಲ್ಲಿ ಸುತ್ತಬೇಕು, ಯಾವ ಯಂತ್ರವನ್ನು ಯಾವಾಗ ಚಾಲೂ ಮಾಡಬೇಕು ಎಂಬುದೇ ಆಟಗಾರನ ಕೆಲಸ. ನೌಕೆಗೆ ಮೂರು ರಕ್ಷಣೆ: ಹೊರಗೆ ಶೀಲ್ಡ್, ಅದರೊಳಗೆ ಲೋಹದ ಕವಚ, ಕೊನೆಗೆ ನೌಕೆಯ ಒಡಲು. ಹಲವು ಬಗೆಯ ಬಂದೂಕು, ಕವಚ ರಿಪೇರಿ ಯಂತ್ರ, ವೇಗ ಹೆಚ್ಚಿಸುವ ಯಂತ್ರ ಇವೆಲ್ಲ ಒಂದೇ ವಿದ್ಯುತ್ ಸಂಗ್ರಹವನ್ನು ಹಂಚಿಕೊಳ್ಳಬೇಕು. ಅದು ಬರಿದಾದರೆ ದೊಡ್ಡ ಯುದ್ಧನೌಕೆಯೂ ನಿಸ್ಸಹಾಯಕ.

ದೊಡ್ಡದೇ ಗೆಲ್ಲುತ್ತದೆ ಎಂಬ ಖಾತರಿಯೂ ಇಲ್ಲ. ಭಾರೀ ಫಿರಂಗಿಗಳು ನಿಧಾನವಾಗಿ ತಿರುಗುತ್ತವೆ. ಹತ್ತಿರದಲ್ಲೇ ವೇಗವಾಗಿ ಸುತ್ತುವ ಸಣ್ಣ ನೌಕೆಗೆ ಅವುಗಳ ಗುಂಡು ತಾಗುವುದೇ ಕಷ್ಟ. ಹಾಗಾಗಿ ಆಟಕ್ಕೆ ಬಂದು ಕೆಲವೇ ದಿನವಾದವರಿಗೂ ದೊಡ್ಡ ಯುದ್ಧದಲ್ಲಿ ನಿಜವಾದ ಕೆಲಸವಿದೆ. ಅಗ್ಗದ ಫ್ರಿಗೇಟ್ ಒಂದರಲ್ಲಿ ನುಗ್ಗಿ, ಎದುರಾಳಿ ಓಡಿಹೋಗದಂತೆ ಅವನ ಎಂಜಿನ್ನನ್ನು ತಡೆದು ಹಿಡಿಯಬೇಕು. ಇದನ್ನು ಟ್ಯಾಕಲ್ ಅನ್ನುತ್ತಾರೆ. ಹಿಡಿದವನು ಬಹುಪಾಲು ಸಾಯುತ್ತಾನೆ, ಆದರೆ ಅಷ್ಟರಲ್ಲಿ ಅವನ ಕಡೆಯವರು ಬಂದು ಮುಟ್ಟಿರುತ್ತಾರೆ.

ನೂರಿನ್ನೂರು ನೌಕೆಗಳ ಪಡೆಯನ್ನು ನಡೆಸುವವರು ಫ್ಲೀಟ್ ಕಮಾಂಡರ್. ಆಟಗಾರರ ಬಾಯಲ್ಲಿ ಎಫ್‌ಸಿ. ಗೂಢಚಾರರು ಮುಂದಿನ ಸೌರವ್ಯೂಹಗಳಿಂದ ಸುದ್ದಿ ಕೊಡುತ್ತಾರೆ. ಎಫ್‌ಸಿ ಒಂದು ಹೆಸರು ಕೂಗಿದರೆ ಎಲ್ಲ ಬಂದೂಕುಗಳೂ ಆ ಒಂದೇ ನೌಕೆಯ ಮೇಲೆ ತಿರುಗುತ್ತವೆ. ಏಟು ತಿಂದವನು ನೆರವು ಕೇಳಿದ ಕೆಲವೇ ಸೆಕೆಂಡುಗಳಲ್ಲಿ ಲಾಜಿ ಎಂದು ಕರೆಯುವ ರಿಪೇರಿ ನೌಕೆಗಳು ಅವನನ್ನು ಬದುಕಿಸಬೇಕು. ಯಕ್ಷಗಾನದಲ್ಲಿ ಭಾಗವತರ ದನಿ ನಿಂತರೆ ರಂಗವೇ ನಿಲ್ಲುವ ಹಾಗೆ, ಎಫ್‌ಸಿ ಸತ್ತರೆ ಪಡೆ ದಿಕ್ಕೆಡುತ್ತದೆ. ಅದಕ್ಕಾಗಿ ಎದುರಾಳಿಗಳು ಮೊದಲು ಹುಡುಕುವುದು ಅವರನ್ನೇ.

ಒಂದೇ ಕಡೆ ಸಾವಿರಾರು ಜನ ಸೇರಿದರೆ ಸರ್ವರ್ ಬಳಲುತ್ತದೆ. ಅದಕ್ಕೆ ಸಿಸಿಪಿಯವರು ಕಂಡುಕೊಂಡ ಉಪಾಯ ಕಾಲವನ್ನೇ ನಿಧಾನ ಮಾಡುವುದು. ಒತ್ತಡ ಹೆಚ್ಚಿದಂತೆ ಆ ಸೌರವ್ಯೂಹದ ಗಡಿಯಾರ ಸಹಜ ವೇಗದ ಶೇ 10ರವರೆಗೂ ಇಳಿಯುತ್ತದೆ. ನಮ್ಮ ಹತ್ತು ನಿಮಿಷ ಅಲ್ಲಿ ಒಂದೇ ನಿಮಿಷ. ಹೀಗಾಗಿ ಮಹಾಯುದ್ಧಗಳು ಹಗಲೂ ರಾತ್ರಿ ನಡೆಯುತ್ತವೆ. ಜನ ಊಟಕ್ಕೆ ಎದ್ದುಹೋಗಿ ಬರುತ್ತಾರೆ, ಪಾಳಿ ಹಾಕಿಕೊಂಡು ಮಲಗುತ್ತಾರೆ.

ಕಟ್ಟದ ಬಾಡಿಗೆ, ಉರುಳಿದ 75 ಟೈಟನ್

ಇಂಥ ಯುದ್ಧಗಳಲ್ಲಿ ಬಹುಪ್ರಸಿದ್ಧವಾದದ್ದು 2014ರ ಜನವರಿ 27ರಂದು ಬಿ-ಆರ್5ಆರ್‌ಬಿ ಎಂಬ ಸೌರವ್ಯೂಹದಲ್ಲಿ ಹೊತ್ತಿಕೊಂಡಿತು. ಒಂದು ಕೂಟ ಆ ಜಾಗವನ್ನು ತನ್ನ ಸೇನಾ ನೆಲೆ ಮಾಡಿಕೊಂಡಿತ್ತು. ಒಡೆತನ ಉಳಿಯಬೇಕಾದರೆ ನಿಗದಿತ ದಿನ ಶುಲ್ಕ ಪಾವತಿಯಾಗಬೇಕಿತ್ತು. ಆ ಬಾರಿ ಆಗಲಿಲ್ಲ. ಒಡೆತನ ತಪ್ಪಿದ್ದನ್ನು ಕಂಡ ಎದುರಾಳಿಗಳು ಅಲ್ಲಿಗೆ ನುಗ್ಗಿದರು. ಎರಡೂ ಕಡೆಯವರು ತಮ್ಮ ತಮ್ಮ ಮಿತ್ರರನ್ನು ಕರೆಸಿದರು. 21 ಗಂಟೆ ನಡೆದ ಆ ಕಾಳಗದಲ್ಲಿ 7,500ಕ್ಕೂ ಹೆಚ್ಚು ಪಾತ್ರಗಳು ಭಾಗವಹಿಸಿದವು, 75 ಟೈಟನ್‌ಗಳು ನಾಶವಾದವು. ನಾಶವಾದ ಸೊತ್ತಿನ ಬೆಲೆಯನ್ನು ನಿಜವಾದ ಹಣಕ್ಕೆ ಲೆಕ್ಕ ಹಾಕಿದಾಗ 3 ಲಕ್ಷ ಡಾಲರ್ ಮೀರಿತ್ತು. ಕಾಳಗವನ್ನು ನಿಲ್ಲಿಸಿದ್ದು ನಿರ್ವಹಣೆಗೆಂದು ಸರ್ವರ್‌ಗೆ ದಿನವೂ ಕೊಡುವ ಬಿಡುವು.

2020ರ ಜುಲೈನಿಂದ 2021ರ ಆಗಸ್ಟ್‌ವರೆಗೆ ನಡೆದ ಮಹಾಸಮರ ಅದನ್ನೂ ಮೀರಿಸಿತು. ಗೂನ್‌ಸ್ವಾರ್ಮ್ ಎಂಬ ಕೂಟವನ್ನು ನಿರ್ಮೂಲ ಮಾಡಲೆಂದೇ ಹಲವು ಕೂಟಗಳು ಒಂದಾದವು. 2020ರ ಅಕ್ಟೋಬರಿನ ಒಂದು ಕಾಳಗದಲ್ಲಿ 6,557 ಜನ ಏಕಕಾಲಕ್ಕೆ ಒಂದೇ ಕಡೆ ಇದ್ದದ್ದು ಗಿನ್ನೆಸ್ ದಾಖಲೆ. ವರ್ಷದ ಕೊನೆಯಲ್ಲಿ ಇನ್ನೊಂದು ಕಾಳಗ 250ಕ್ಕೂ ಹೆಚ್ಚು ಟೈಟನ್‌ಗಳನ್ನು ನುಂಗಿತು. ಗೂನ್‌ಸ್ವಾರ್ಮ್ ನೆಲ ಕಳೆದುಕೊಳ್ಳುತ್ತ ಕೊನೆಗೆ ರಾಜಧಾನಿಯಲ್ಲಿ ಬಂದು ನಿಂತಿತು. ಆದರೆ ಮುತ್ತಿಗೆ ಹಾಕಿದವರೇ ಬಳಲಿ ಹಿಂದೆ ಸರಿದರು. ಒಳಗಿದ್ದವರನ್ನು ಉಳಿಸಿದ್ದು ಬಂದೂಕಿನಷ್ಟೇ ಗಣಿ, ಕಾರ್ಖಾನೆ ಮತ್ತು ದಿನವೂ ಲಾಗಿನ್ ಆಗುತ್ತಿದ್ದ ಸಾಮಾನ್ಯ ಸದಸ್ಯರ ಹಟ.

ಪೇಟೆ ಮತ್ತು ನಂಬಿಕೆ

ಯುದ್ಧದ ಬೆನ್ನೆಲುಬು ಅರ್ಥವ್ಯವಸ್ಥೆ. ಒಡೆಯುವ ನೌಕೆಗಳಲ್ಲಿ ಬಹುಪಾಲು ಆಟಗಾರರೇ ತಯಾರಿಸಿದ್ದು. ಅದರ ಕಚ್ಚಾಮಾಲನ್ನು ಅಗೆದವರೂ ಸಾಗಿಸಿದವರೂ ಆಟಗಾರರೇ. ಹಣದ ಹೆಸರು ಇಸ್ಕ್. ಅತಿ ದೊಡ್ಡ ಪೇಟೆ ಜೀಟಾ. ಗಡಿಯಲ್ಲಿ ಯುದ್ಧ ಶುರುವಾದರೆ ಜೀಟಾದಲ್ಲಿ ಮದ್ದುಗುಂಡಿನ ಬೆಲೆ ಏರುತ್ತದೆ. ಈ ವ್ಯವಹಾರ ಎಷ್ಟು ಸಂಕೀರ್ಣವಾಯಿತೆಂದರೆ 2007ರಲ್ಲಿ ಸಿಸಿಪಿ ಒಬ್ಬ ಅರ್ಥಶಾಸ್ತ್ರಜ್ಞರನ್ನೇ ಕೆಲಸಕ್ಕೆ ಸೇರಿಸಿಕೊಂಡಿತು. ಅವರು ಎಯೋಲ್ಫುರ್ ಗುಡ್ಮಂಡ್ಸನ್. ಮುಂದೆ ಐಸ್‌ಲ್ಯಾಂಡಿನ ಅಕುರೇರಿ ವಿಶ್ವವಿದ್ಯಾಲಯದ ಮುಖ್ಯಸ್ಥರಾದರು.

ಇಲ್ಲಿ ಮೋಸಕ್ಕೆ ನಿಷೇಧವಿಲ್ಲ. 2005ರಲ್ಲಿ ಗೈಡಿಂಗ್ ಹ್ಯಾಂಡ್ ಸೋಶಿಯಲ್ ಕ್ಲಬ್ ಎಂಬ ಬಾಡಿಗೆ ಹಂತಕರ ಗುಂಪು ಒಂದು ಸಂಸ್ಥೆಯೊಳಗೆ ತನ್ನವರನ್ನು ಸೇರಿಸಿ, ಸುಮಾರು ಒಂದು ವರ್ಷ ನಂಬಿಕೆ ಗಳಿಸಿ, ಒಂದೇ ದಿನ ಅದರ ಉಗ್ರಾಣಗಳನ್ನು ಬರಿದು ಮಾಡಿ ಮುಖ್ಯಸ್ಥೆಯ ನೌಕೆಯನ್ನೂ ಒಡೆಯಿತು. ಇಂಥದ್ದಕ್ಕೆ ಯಾಕೆ ಅವಕಾಶ ಎಂದು ಕೇಳುವವರಿದ್ದಾರೆ. ಮೋಸ ಹೋಗಲು ಸಾಧ್ಯವಿರುವ ಕಡೆಯಲ್ಲೇ ನಂಬಿಕೆಗೆ ಬೆಲೆ ಬರುವುದು ಎಂಬುದು ನನ್ನ ಉತ್ತರ. ಉಗ್ರಾಣದ ಕೀಲಿಯನ್ನು ಹತ್ತು ವರ್ಷ ಪ್ರಾಮಾಣಿಕವಾಗಿ ಕಾಯ್ದವರಿಗೆ ಈ ಲೋಕದಲ್ಲಿ ಸಿಗುವ ಗೌರವ ಬೇರಾವ ಆಟದಲ್ಲೂ ಸಿಗಲಾರದು.

ಆಟಗಾರರು ತಯಾರಕರನ್ನೂ ಪ್ರಶ್ನಿಸುತ್ತಾರೆ. 2008ರಿಂದ ಅವರು ಮತ ಹಾಕಿ ಆರಿಸುವ ಒಂದು ಮಂಡಳಿ ಇದೆ. ಅದರ ಸದಸ್ಯರು ರೇಕ್ಯಾವಿಕ್‌ಗೆ ಹೋಗಿ ಕಂಪನಿಯವರ ಎದುರು ಕೂತು ಮಾತಾಡುತ್ತಾರೆ. 2011ರಲ್ಲಿ ಅಲಂಕಾರದ ವಸ್ತುಗಳಿಗೆ ವಿಪರೀತ ಬೆಲೆ ಇಟ್ಟಾಗ ಜನ ಜೀಟಾದಲ್ಲಿದ್ದ ಒಂದು ಸ್ಮಾರಕದ ಸುತ್ತ ಸೇರಿ ಗುಂಡು ಹಾರಿಸಿ ಪ್ರತಿಭಟಿಸಿದರು. ಕಂಪನಿಯ ಮುಖ್ಯಸ್ಥ ಹಿಲ್ಮರ್ ವೇಗರ್ ಪೆಟುರ್ಸನ್ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು.

ಆಟದಾಚೆ

2012ರ ಸೆಪ್ಟೆಂಬರ್ 11ರಂದು ಲಿಬಿಯಾದ ಬೆಂಗಾಝಿಯಲ್ಲಿ ಅಮೆರಿಕದ ರಾಜತಾಂತ್ರಿಕ ಕಚೇರಿಯ ಮೇಲೆ ದಾಳಿಯಾಯಿತು. ಸತ್ತವರಲ್ಲಿ ಒಬ್ಬರು ಅಧಿಕಾರಿ ಶಾನ್ ಸ್ಮಿತ್. ನ್ಯೂ ಈಡನ್‌ನಲ್ಲಿ ಅವರ ಹೆಸರು ವೈಲ್ ರ‍್ಯಾಟ್. ಗೂನ್‌ಸ್ವಾರ್ಮ್ ಪರವಾಗಿ ಸಂಧಾನ ನಡೆಸುತ್ತಿದ್ದ ಅವರು ಆಟಗಾರರ ಮಂಡಳಿಯಲ್ಲೂ ಇದ್ದವರು. ಸುದ್ದಿ ಬಂದಾಗ ಅವರ ವಿರುದ್ಧ ಹೋರಾಡಿದ ಕೂಟಗಳೂ ತಮ್ಮ ನಿಲ್ದಾಣಗಳಿಗೆ ಅವರ ಹೆಸರಿಟ್ಟು ಗೌರವಿಸಿದವು.

ಇದೇ ಜನ ವಿಜ್ಞಾನಕ್ಕೂ ಕೈಜೋಡಿಸಿದ್ದಾರೆ. ಪ್ರಾಜೆಕ್ಟ್ ಡಿಸ್ಕವರಿ ಹೆಸರಿನಲ್ಲಿ 2016ರಲ್ಲಿ ಆಟದೊಳಗೇ ಮನುಷ್ಯನ ಜೀವಕೋಶಗಳ ನಿಜವಾದ ಚಿತ್ರಗಳನ್ನು ಇಟ್ಟು, ಪ್ರೋಟೀನು ಕೋಶದ ಯಾವ ಭಾಗದಲ್ಲಿದೆ ಎಂದು ಗುರುತಿಸಲು ಹೇಳಿದರು. 3.2 ಲಕ್ಷ ಆಟಗಾರರು 3.3 ಕೋಟಿ ವರ್ಗೀಕರಣ ಮಾಡಿಕೊಟ್ಟರು. ಫಲಿತಾಂಶ 2018ರಲ್ಲಿ ನೇಚರ್ ಬಯೋಟೆಕ್ನಾಲಜಿ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಮೇಲೆ ದೂರದ ನಕ್ಷತ್ರಗಳ ಗ್ರಹಗಳನ್ನು ಹುಡುಕುವ ಕೆಲಸ ಬಂತು, 2020ರಲ್ಲಿ ಕೋವಿಡ್ ಸಂಶೋಧನೆಯ ಮಾಹಿತಿ ಬಂತು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 2012ರಲ್ಲಿ ತನ್ನ ಸಂಗ್ರಹಕ್ಕೆ ಆರಿಸಿಕೊಂಡ 14 ವಿಡಿಯೊ ಆಟಗಳಲ್ಲಿ ಇದೂ ಒಂದು.

ಹೊಸಬರಿಗೆ

ಆಟ ಶುರು ಮಾಡಲು ಹಣ ಕಟ್ಟಬೇಕಿಲ್ಲ. 2016ರಿಂದ ಕೆಲವು ಮಿತಿಗಳೊಂದಿಗೆ ಪುಕ್ಕಟೆಯಾಗಿ ಆಡಬಹುದು. ಕನ್ನಡದಲ್ಲಿ ಲಭ್ಯವಿಲ್ಲ, ಇಂಗ್ಲಿಷ್ ಓದಬೇಕು. ಸರ್ವರ್ ಆಟದ ಚಲನೆಗಳನ್ನು ಸೆಕೆಂಡಿಗೆ ಒಮ್ಮೆ ಲೆಕ್ಕ ಹಾಕುವುದರಿಂದ ಲಂಡನ್ ದೂರವೆಂಬುದು ನಮಗೆ ಅಷ್ಟಾಗಿ ತೊಡಕಾಗದು. ದಿನದ ಬಿಡುವು ನಮ್ಮ ಸಂಜೆ 4.30ಕ್ಕೆ. ಆದರೆ ಯೂರೋಪಿನವರು ಸಂಜೆ ಊಟ ಮುಗಿಸಿ ಯುದ್ಧಕ್ಕೆ ಕೂರುವಾಗ ಇಲ್ಲಿ ನಡುರಾತ್ರಿ. ಮರುದಿನ ಕೆಲಸಕ್ಕೆ ಹೋಗುವವರು ಆಸ್ಟ್ರೇಲಿಯಾ, ಏಷ್ಯಾದ ಸಮಯಕ್ಕೆ ಆಡುವ ಗುಂಪು ಹುಡುಕಿಕೊಳ್ಳುವುದು ಒಳಿತು. ನಿಜವಾದ ಹಣ ಕೊಟ್ಟು ಇಸ್ಕ್ ಪಡೆಯುವ ದಾರಿಯೂ ಇದೆ. ಆ ವಿಷಯದಲ್ಲಿ ಕೈ ಬಿಗಿ ಇರಲಿ. ಕಾಳಗ ಬೇಡವೆಂದರೆ ಬೇರೆ ಬದುಕೂ ಇದೆ: ಕಾಟಿಯಾ ಸೇ ಎಂಬ ಪಾತ್ರ ಸುಮಾರು ಹತ್ತು ವರ್ಷ ಸುತ್ತಿ, ಒಂದೂ ನೌಕೆ ಕಳೆದುಕೊಳ್ಳದೆ, 7,805 ಸೌರವ್ಯೂಹಗಳನ್ನು 2019ರಲ್ಲಿ ನೋಡಿ ಮುಗಿಸಿತು. ಆ ಸಾಧನೆಗೆ ಆಟದೊಳಗೆ ಸ್ಮಾರಕವಿದೆ.

ಒಬ್ಬರೇ ಆಡಬೇಡಿ ಎಂಬುದು ನಾನು ಒತ್ತಿ ಹೇಳುವ ಮಾತು. ಕಳೆದುಕೊಂಡರೆ ತಡೆದುಕೊಳ್ಳಲಾಗದಂಥ ನೌಕೆಯನ್ನು ಹಾರಿಸಬೇಡ ಎಂದು ಹಳಬರು ಮೊದಲ ದಿನವೇ ಹೇಳುತ್ತಾರೆ. ಅಷ್ಟು ಹೇಳಿ ಅವರು ಸುಮ್ಮನಾಗುವುದಿಲ್ಲ. 2004ರಿಂದ ಈವ್ ಯೂನಿವರ್ಸಿಟಿ ಎಂಬ ಆಟಗಾರರ ಸಂಸ್ಥೆ ಹೊಸಬರಿಗೆ ಪಾಠ ಮಾಡುತ್ತಿದೆ. ಆದೇಶದಂತೆ ಹೋರಾಡಿ ನೌಕೆ ಕಳೆದುಕೊಂಡ ಸದಸ್ಯನಿಗೆ ಅದರ ಬೆಲೆ ತುಂಬಿಕೊಡುವ ನಿಧಿಯನ್ನು ಅನೇಕ ಕೂಟಗಳು ತೆರಿಗೆ ಎತ್ತಿ ನಡೆಸುತ್ತವೆ. ಶಾಲೆ, ತೆರಿಗೆ, ಪರಿಹಾರ ನಿಧಿ, ಚುನಾವಣೆ ಇವುಗಳಲ್ಲಿ ಹೆಚ್ಚಿನವನ್ನು ಆಟದ ನಿಯಮಗಳು ಬೇಡಿರಲಿಲ್ಲ. ನಷ್ಟ ತಪ್ಪದು ಎಂದು ಗೊತ್ತಾದ ಅಪರಿಚಿತರು ಅದನ್ನು ಹಂಚಿಕೊಳ್ಳಲು ತಾವೇ ಕಟ್ಟಿಕೊಂಡರು. ಯುದ್ಧ ನೋಡಲೆಂದು ಬಂದವರು ವರ್ಷಗಟ್ಟಲೆ ಉಳಿಯುವುದು ಇದಕ್ಕಾಗಿ.