ಅಜ್ಜಿಯ ದನಿಗೊಂದು ವಿಳಾಸ

ಶಿರಸಿಯ ನಮ್ಮ ಮನೆಯಲ್ಲಿ ಆಷಾಢದ ಮಳೆ ಹಿಡಿದರೆ ತಗಡಿನ ಸದ್ದಿಗೆ ಪಕ್ಕದವರ ಮಾತೂ ಕೇಳದು. ಹಾಗಾಗಿ ನನ್ನ ಪಾಡ್‌ಕಾಸ್ಟಿಗೆಂದು ಅಜ್ಜಿಯ ಅಪ್ಪೆಹುಳಿ (ಮಾವಿನ ತಿಳಿಸಾರು) ಕತೆಯನ್ನು ಧ್ವನಿಮುದ್ರಿಸಿದ್ದು ಒಳಕೋಣೆಯಲ್ಲಿ, ಸುತ್ತ ಕಂಬಳಿ ನೇತುಹಾಕಿ. ಬರಿಗೋಡೆಗೆ ಬಡಿದ ದನಿ ಗುಂಯ್‌ಗುಡುತ್ತದೆ. ಕಂಬಳಿ ಅದನ್ನು ನುಂಗುತ್ತದೆ. ಮೊಬೈಲನ್ನು ಬಾಯಿಂದ ಒಂದು ಗೇಣು ದೂರ, ತುಸು ಓರೆಯಾಗಿ ಹಿಡಿದೆ. ನೇರ ಎದುರಿಗಿದ್ದರೆ ‘ಪ’, ‘ಬ’ಗಳ ಉಸಿರು ಮೈಕಿಗೆ ಬಡಿಯುತ್ತದೆ. ‘ಎಂತಾ ಹೇಳವು ತಮಾ?’ ಎಂದ ಅಜ್ಜಿ, ಮಾವಿನಮಿಡಿಯ ಪರಿಮಳದ ಮಾತು ಬಂದಾಗ ಮೊಬೈಲನ್ನೇ ಮರೆತಳು. ಪಾಡ್‌ಕಾಸ್ಟಿಗೆ ಬೇಕಾದದ್ದು ಆ ಮರೆವೇ.

ಕೆಮ್ಮು, ತಡವರಿಕೆ ಕತ್ತರಿಸಲು ಉಚಿತ ತಂತ್ರಾಂಶ ಆಡಾಸಿಟಿ ಸಾಕು. ಮಾತಿಗೆ 64 ಕೆಬಿಪಿಎಸ್ ಮೋನೋ ಎಂಪಿ3 ಧಾರಾಳ. 20 ನಿಮಿಷಕ್ಕೆ 10 ಎಂಬಿ ದಾಟದು, ಸಿದ್ದಾಪುರ, ಯಲ್ಲಾಪುರದ ಕಾಡಂಚಿನ ಬಡಕಲು ನೆಟ್‌ವರ್ಕಿನಲ್ಲೂ ಇಳಿದೀತು. ಹೋಸ್ಟಿಂಗ್ ತಾಣಕ್ಕೆ ಏರಿಸಿದರೆ ಆರ್‌ಎಸ್‌ಎಸ್ ಫೀಡ್ ಎಂಬ ವಿಳಾಸ ಸಿಗುತ್ತದೆ. ಅದನ್ನು ಸ್ಪಾಟಿಫೈ, ಆಪಲ್‌ಗಳಿಗೆ ಒಮ್ಮೆ ಕೊಟ್ಟರಾಯಿತು. ಮುಂದಿನ ಕಂತುಗಳು ತಾವಾಗಿ ತಲುಪುತ್ತವೆ.

ಮನೆಯಿಂದ ಬಾನುಲಿ ನಮಗೆ ಹೊಸದಲ್ಲ. 1935ರಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಶುರುಮಾಡಿದ್ದರು.

ನಮ್ಮ ಮುಂದಿನದು, ಆಲೆಮನೆ ಶುರುವಾದಾಗ, ಕಬ್ಬಿನ ಹಾಲಿನ ತೆಳು ಸಿಹಿತಿನಿಸು ತೊಡೆದೇವಿನ ಕಂತು. ಮಗುಚಿಟ್ಟ ಗಡಿಗೆಯ ಮೇಲೆ ಹಿಟ್ಟು ಚುಂಯ್ ಎನ್ನುವ ಸದ್ದೂ ಅದರಲ್ಲಿ ಬೇಕು.