ಊಟ ಬದಲಾಯ್ತು, ಸಕ್ಕರೆ ಕಾಯಿಲೆ ಬಂತು

ರಾಗಿ ಕೊಯ್ದ ಹೊಲದಲ್ಲಿ ಬರಿಗಾಲಲ್ಲಿ ನಡೆದರೆ ಕೂಳೆ ಚುಚ್ಚುತ್ತೆ. ಚುಚ್ಚಿದ ಜಾಗ ಕೆಂಪಗಾಗಿ, ಊದಿಕೊಂಡು, ಬಿಸಿಯಾಗಿ ನೋಯುತ್ತೆ. ಇದಕ್ಕೆ ಉರಿಯೂತ ಅಂತ ಹೆಸರು. ಇದು ಕೆಟ್ಟದ್ದಲ್ಲ. ರೋಗಾಣು ಒಳಗೆ ನುಗ್ಗದಂತೆ ದೇಹವೇ ಆ ಜಾಗಕ್ಕೆ ಕಾವಲು ಕಳಿಸುವುದು. ನಾಲ್ಕು ದಿನಕ್ಕೆ ಕೆಲಸ ಮುಗಿಸಿ ಇಳಿದುಹೋಗುತ್ತೆ.

ಎರಡು ವರ್ಷದ ಹಿಂದೆ ನಮ್ಮಣ್ಣನಿಗೆ ಹೀಗೇ ಚುಚ್ಚಿತ್ತು. ಅವನಿಗೆ ನೋವೇ ಗೊತ್ತಾಗಲಿಲ್ಲ. ಗಾಯ ಕೊಳೆತು ವಾಸನೆ ಬಂದ ಮೇಲೆ ಆಸ್ಪತ್ರೆಗೆ ಕರಕೊಂಡು ಹೋದೆವು. ಸಕ್ಕರೆ ಇದೆ ಅಂತ ತಿಳಿದದ್ದೇ ಆವತ್ತು. ಕಾಲಿನ ಎರಡು ಬೆರಳು ತೆಗೆದರು. ಆ ವಾರವೇ ನಾನೂ ರಕ್ತ ಕೊಟ್ಟೆ. ಮೂರು ತಿಂಗಳ ಲೆಕ್ಕ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 8.2 ಬಂತು. 5.7ರಿಂದ 6.4ರವರೆಗೆ ಇದ್ದರೆ ಅಂಚಿನಲ್ಲಿದ್ದೇವೆ ಅಂತ ಅರ್ಥ, 6.5 ಮುಟ್ಟಿದರೆ ಕಾಯಿಲೆ.

"ನಾನು ಸಿಹಿ ತಿನ್ನೋನೇ ಅಲ್ಲ, ಹೆಂಗೆ ಬಂತು ಮೇಡಂ?" ಅಂದೆ.

"ಬೆಳಿಗ್ಗೆಯಿಂದ ಏನೇನು ತಿಂತೀರಿ ಹೇಳಿ ಯಜಮಾನ್ರೇ" ಅಂದರು ಡಾಕ್ಟರಮ್ಮ.

ಹೇಳುತ್ತಾ ಹೋದಂತೆ ನನಗೇ ನಾಚಿಕೆಯಾಯ್ತು. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ. ಸಂಜೆ ಟೀ ಅಂಗಡಿಯಲ್ಲಿ ಬೋಂಡ, ದಿನಕ್ಕೆ ನಾಲ್ಕು ಲೋಟ ಸಕ್ಕರೆ ಟೀ, ಜೊತೆಗೆ ಬೀಡಿ. ಬೆಳೆದ ರಾಗಿ ಖರೀದಿ ಕೇಂದ್ರಕ್ಕೆ ಹೋಗುತ್ತಿತ್ತು. ರೇಷನ್ ಅಕ್ಕಿಯನ್ನು ನಾನು ದೂರುವುದಿಲ್ಲ, ಬರದ ವರ್ಷ ಉಳಿಸಿದ್ದು ಅದೇ. ಆದರೆ ಕೊಯ್ಲಿಗೆ ಮಿಷನ್ ಬಂದ ಮೇಲೆ ಅಡ್ಡಿಯಾಗುತ್ತೆ ಅಂತ ಅಕ್ಕಡಿ ಸಾಲೂ ಬಿಟ್ಟೆವು. ಅವರೆ, ಅಲಸಂದೆ, ಹುಚ್ಚೆಳ್ಳು ಹೊಲದಿಂದ ಹೋದವು, ತಟ್ಟೆಯಿಂದಲೂ ಹೋದವು.

ಹೊಟ್ಟಿನ ರಾಶಿಗೆ ಕಿಡಿ ಬಿದ್ದರೆ ಉರಿ ಕಾಣುವುದಿಲ್ಲ, ಒಳಗೊಳಗೇ ಬೇಯುತ್ತೆ. ದೇಹದಲ್ಲೂ ಅಂಥ ಉರಿಯೂತ ಒಂದಿದೆ. ನೋವಿಲ್ಲ, ಊತವಿಲ್ಲ. ನಡುವಯಸ್ಸಿನಲ್ಲಿ ಹೊಟ್ಟೆಯ ಸುತ್ತ, ಪಿತ್ತಜನಕಾಂಗದಲ್ಲಿ ಕೊಬ್ಬು ಸೇರುತ್ತೆ. ಆ ಕೊಬ್ಬಿನಲ್ಲಿ ಕಾವಲಿನ ಜೀವಕೋಶಗಳು ಬಂದು ಕೂತು, ಕೆಲಸ ಮುಗಿಯದವರಂತೆ ಉರಿಸುವ ರಸ ಬಿಡುತ್ತಲೇ ಇರುತ್ತವೆ. ಇನ್ಸುಲಿನ್ ಅನ್ನುವುದು ತೂಬು ಎತ್ತುವ ನೀರುಗಂಟಿ ಇದ್ದ ಹಾಗೆ. ರಕ್ತದ ಸಕ್ಕರೆಯನ್ನು ಸ್ನಾಯುಗಳಿಗೆ ಬಿಡುವುದು ಅದರ ಕೆಲಸ. ಈ ರಸದಿಂದ ತೂಬು ಬಿಗಿಯಾಗುತ್ತೆ. ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಮಾಡಿ ಮಾಡಿ ಸೋಲುತ್ತೆ. ವಯಸ್ಸಾದಂತೆ ಸ್ನಾಯುವೂ ಕರಗುತ್ತೆ, ಎತ್ತು ಹೋಗಿ ಟ್ರ್ಯಾಕ್ಟರ್ ಬಂದು ಮೈ ಕೆಲಸವೂ ಕಡಿಮೆ. ಸಕ್ಕರೆ ರಕ್ತದಲ್ಲೇ ನಿಲ್ಲುತ್ತೆ.

ಪಾಲಿಶ್ ಅಕ್ಕಿ, ಮೈದಾ, ಸಕ್ಕರೆ, ವನಸ್ಪತಿ, ಕಾದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿ ಕರಿದದ್ದು, ಇವು ಆ ಹೊಟ್ಟಿಗೆ ಗಾಳಿ ಹಾಕುತ್ತವೆ. ಬೀಡಿಯೂ ಅಷ್ಟೆ. ಸೊಪ್ಪು, ತರಕಾರಿ, ಕಾಳು, ಸಿಪ್ಪೆ ಸಮೇತದ ಧಾನ್ಯ ಅದನ್ನು ತಣಿಸುತ್ತವೆ. ಮುಖ್ಯವಾದದ್ದು ನಾರು. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ನಾರು ನಮಗೆ ಜೀರ್ಣವಾಗುವುದಿಲ್ಲ, ಕರುಳಿನ ಸೂಕ್ಷ್ಮಜೀವಿಗಳಿಗೆ ಅದೇ ಕೊಟ್ಟಿಗೆ ಗೊಬ್ಬರ. ಅವು ಅದನ್ನು ಕೊಳೆಸಿ ಮಾಡುವ ಆಮ್ಲಗಳು ಕರುಳಿನ ಗೋಡೆಯನ್ನು ಗಟ್ಟಿಯಾಗಿಟ್ಟು ಉರಿಯೂತ ತಗ್ಗಿಸುತ್ತವೆ.

ಆದರೆ ರಾಗಿ ಅಂದ ಕೂಡಲೇ ಎರಡು ದೊಡ್ಡ ಮುದ್ದೆ ನುಂಗಿದರೆ ಸಕ್ಕರೆ ಏರಿಯೇ ಏರುತ್ತೆ. ನಾನು ಮೊದಲು ಈ ತಪ್ಪು ಮಾಡಿದೆ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ಮುದ್ದೆಗಿಂತ ಬೇಗ ಏರಿಸುತ್ತೆ. ಬೆಲ್ಲವೂ ಸಕ್ಕರೆಯೇ, ಊರಿನ ಆಲೆಮನೆಯದು ಅಂತ ರಿಯಾಯಿತಿ ಇಲ್ಲ. ಪೇಟೆಯ ಬೆಳ್ಳನೆಯ ಸಾಮೆ, ನವಣೆ ಅಕ್ಕಿಯಲ್ಲಿ ತವುಡು ಹೋಗಿರುತ್ತೆ. ಈಗ ನನಗೆ ಒಂದು ಸಣ್ಣ ಮುದ್ದೆ, ಅದಕ್ಕೆ ತಟ್ಟೆ ತುಂಬ ಹುರುಳಿ ಮೊಳಕೆ ಸಾರು ಇಲ್ಲವೆ ಬಸ್ಸಾರು, ಪಲ್ಯ. ಉಂಡ ಮೇಲೆ ಹೊಲದ ಬದುವಿನ ಮೇಲೆ ಕಾಲು ಗಂಟೆ ನಡಿಗೆ. ಬೀಡಿ ಬಿಟ್ಟದ್ದೇ ಎಲ್ಲಕ್ಕಿಂತ ಕಷ್ಟವಾಯ್ತು.

ಮಾತ್ರೆಯನ್ನೂ ತಗೋತಾ ಇದ್ದೇನೆ. ಎಂಟು ತಿಂಗಳಿಗೆ 7.0ಕ್ಕೆ ಇಳಿಯಿತು. ಊಟದಿಂದೆಷ್ಟು, ಮಾತ್ರೆಯಿಂದೆಷ್ಟು ಅಂತ ಬೇರೆ ಮಾಡಲು ಆಗುವುದಿಲ್ಲ. ಸಂತೆಯಲ್ಲಿ ಯಾರೋ ಕೊಟ್ಟ ಪುಡಿ ನಂಬಿ ಮಾತ್ರೆ ಬಿಟ್ಟ ನಮ್ಮ ಪಕ್ಕದ ಹೊಲದವರು ಆಸ್ಪತ್ರೆ ಸೇರಿದ್ದರು. ಊಟ ಒಮ್ಮೆಲೇ ಕಡಿಮೆ ಮಾಡುವವರೂ ಡಾಕ್ಟರಿಗೆ ಹೇಳಿಯೇ ಮಾಡಬೇಕು. ಮಾತ್ರೆ, ಇನ್ಸುಲಿನ್ ಮೊದಲಿನಷ್ಟೇ ಇದ್ದರೆ ಸಕ್ಕರೆ ಕುಸಿದು ಹೊಲದಲ್ಲೇ ತಲೆ ತಿರುಗಿ ಬೀಳಬಹುದು.

ಪೇಟೆಯವರ ಕಾಯಿಲೆ ಅನ್ನುವ ಮಾತು ಹಳೆಯದಾಯ್ತು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10.1 ಕೋಟಿ ಜನಕ್ಕೆ ಇದು ಇದೆ, 13.6 ಕೋಟಿ ಜನ ಅಂಚಿನಲ್ಲಿದ್ದಾರೆ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಉಚಿತ. ಸಕ್ಕರೆ ಇರುವವರು ಕೂಳೆ ಹೊಲಕ್ಕೆ ಚಪ್ಪಲಿ ಇಲ್ಲದೆ ಇಳಿಯಬೇಡಿ. ರಾತ್ರಿ ಪಾದ ತೊಳೆದು ಬೆಳಕಿನಲ್ಲಿ ನೋಡಿಕೊಳ್ಳಿ, ಅಂಗಾಲು ಕಾಣದಿದ್ದರೆ ಮನೆಯವರಿಗೆ ತೋರಿಸಿ. ಅಣ್ಣನ ಪಾದವನ್ನು ಈಗ ದಿನವೂ ಅತ್ತಿಗೆ ನೋಡುತ್ತಾರೆ.

ನಾಲ್ಕು ಚೀಲ ರಾಗಿ ಮನೆಗೆ ಉಳಿಸಿಕೊಂಡು ಮಿಕ್ಕಿದ್ದನ್ನು ಮಾರುತ್ತೇವೆ. ಮಿಷನ್ ಬರದ ಮೇಲಿನ ತೆವರಿಯಲ್ಲಿ ಮತ್ತೆ ಅಕ್ಕಡಿ ಹಾಕಿದ್ದೇವೆ. ಅವರೆ ಬೀಜ ನಮ್ಮಾಕೆ ತವರಿಂದ ತಂದಳು. ಹುಚ್ಚೆಳ್ಳಿಗೆ ನಾನು ಮೂರು ಊರು ತಿರುಗಬೇಕಾಯ್ತು.