ಗುಡ್ಡದ ಚಲನೆಯ ಅಳತೆಯಲ್ಲಿ ಗಾಳಿಯ ದೋಷವೂ ಅದರ ನಿವಾರಣೆಯೂ

ಹೆಬ್ಬಾಳಕ್ಕೆ ಸಮೀಪದ ಮೇಖ್ರಿ ವೃತ್ತದ ಎಡೆಯಿಂದ ಕಣ್ಣೂರು ಗ್ರಾಮದವರೆಗೆ 1868ರಲ್ಲಿ ಸರ್ವೆಯವರು ಒಂದು ಮೂಲರೇಖೆಯನ್ನು ಅಳೆದರು. ಅಳತೆಯ ಲೋಹದ ಪಟ್ಟಿಯು ಬಿಸಿಲಿಗೆ ಹಿಗ್ಗಿದರೆ ಲೆಕ್ಕವು ತಪ್ಪುವುದು. ಆದಕಾರಣ ಹಿತ್ತಾಳೆ ಕಬ್ಬಿಣಗಳನ್ನು ಜೋಡಿಸಿ, ಅವೆರಡರ ಹಿಗ್ಗುವಿಕೆಯ ವ್ಯತ್ಯಾಸದಿಂದಲೇ ದೋಷವು ಕಳೆಯುವಂತೆ ರಚಿಸಿದ ಕೋಲ್ಬಿಯವರ ಪಟ್ಟಿಗಳನ್ನು ಉಪಯೋಗಿಸಿದರು. ದೋಷದ ಮೂಲವನ್ನರಿತು ಅದನ್ನು ಕಳೆಯಬೇಕೆಂಬ ಈ ನಿಯಮವು ಇಂದಿನ ರೇಡಾರ್ ಅಳತೆಗೂ ಸಲ್ಲತಕ್ಕದ್ದು.

ಜಾರುವ ಭಯವುಳ್ಳ ಗುಡ್ಡ, ಅಣೆಕಟ್ಟು, ಗಣಿಯ ಗೋಡೆ ಮೊದಲಾದವುಗಳ ಎದುರಿಗೆ ಗಟ್ಟಿ ನೆಲದ ಮೇಲೆ ರೇಡಾರ್ ಯಂತ್ರವನ್ನು ನಿಲ್ಲಿಸುವರು. ಅದು ರೇಡಿಯೋ ತರಂಗಗಳನ್ನು ಕಳುಹಿಸಿ, ಮರಳಿ ಬಂದ ತರಂಗವನ್ನು ಹಿಂದಿನ ಸಲದ ತರಂಗದೊಡನೆ ಹೋಲಿಸುತ್ತದೆ. ನೆಲವು ಒಂದು ಮಿಲಿಮೀಟರಿನಷ್ಟು ಸರಿದರೂ ಈ ಹೋಲಿಕೆಯಿಂದ ಗೊತ್ತಾಗುವುದು.

ಆದರೆ ತರಂಗವು ಗಾಳಿಯ ಮೂಲಕವೇ ಸಾಗಬೇಕಷ್ಟೆ. ಗಾಳಿಯಲ್ಲಿ ನೀರಾವಿ ಹೆಚ್ಚಿದರೆ ತರಂಗದ ವೇಗವು ಅತ್ಯಲ್ಪವಾಗಿ ತಗ್ಗಿ, ಅಲುಗದೆ ನಿಂತ ಗುಡ್ಡವೂ ಹಿಂದಕ್ಕೆ ಸರಿದಂತೆ ತೋರುವುದು. ನೀರಾವಿಯ ಒತ್ತಡವು ಒಂದು ಮಿಲಿಬಾರ್ ಹೆಚ್ಚಿದ ಮಾತ್ರಕ್ಕೆ ಒಂದು ಕಿಲೋಮೀಟರು ದೂರದ ಬಂಡೆಯು ಸುಮಾರು 4 ಮಿಲಿಮೀಟರು ಸರಿದಂತೆ ಕಾಣುತ್ತದೆ.

ಇದರ ನಿವಾರಣೆಗೆ ಎರಡು ಮಾರ್ಗಗಳುಂಟು. ಮೊದಲನೆಯದು, ಗಾಳಿಯ ಒತ್ತಡ, ಉಷ್ಣತೆ, ತೇವ ಇವುಗಳನ್ನು ಅಳೆದು ದೋಷವನ್ನು ಗಣಿಸುವುದು. ಆದರೆ ಯಂತ್ರದ ಬಳಿಯ ಗಾಳಿಯೂ ಕಣಿವೆಯ ಗಾಳಿಯೂ ಒಂದೇ ಸಮನಾಗಿರುವುದಿಲ್ಲ. ಎರಡನೆಯದು, ಎಂದೂ ಸರಿಯದ ಬಂಡೆಗಳನ್ನು ಬೇರೆ ಬೇರೆ ದೂರ ಮತ್ತು ಎತ್ತರಗಳಲ್ಲಿ ಗುರುತಿಸಿಕೊಳ್ಳುವುದು. ಇಂಥ ಬಂಡೆಯು ಸರಿದಂತೆ ತೋರಿದರೆ ಅದು ಗಾಳಿಯ ದೋಷವೇ ಸರಿ. ಆ ದೋಷವು ದೂರದೊಡನೆಯೂ ಎತ್ತರದೊಡನೆಯೂ ಹೇಗೆ ಬದಲಾಗುವುದೆಂದು ಕಂಡುಕೊಂಡು, ಗುಡ್ಡದ ಉಳಿದ ಭಾಗದ ಅಳತೆಯಿಂದ ಅದನ್ನು ಕಳೆಯತಕ್ಕದ್ದು. ಗುರುತಿನ ಬಂಡೆಯೇ ಸರಿದಿದ್ದರೆ ಮಾತ್ರ ಲೆಕ್ಕವೆಲ್ಲವೂ ಕೆಡುವುದು.

2018ರಲ್ಲಿ ಕೊಡಗಿನಲ್ಲಿಯೂ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿಯೂ ಗುಡ್ಡಗಳು ಕುಸಿದು ಪ್ರಾಣಹಾನಿಯಾದದ್ದು ಮಳೆಗಾಲದಲ್ಲಿ. ಗಾಳಿಯು ತೇವದಿಂದ ತುಂಬಿ ಅಳತೆಯನ್ನು ಕೆಡಿಸುವುದೂ ಅದೇ ಕಾಲದಲ್ಲಿ. ಸುಳ್ಳು ಎಚ್ಚರಿಕೆಗೆ ಎರಡು ಸಲ ಮನೆ ಬಿಟ್ಟ ಜನರು ಮೂರನೆಯ ಸಲ ನಿಜವಾದ ಎಚ್ಚರಿಕೆಯನ್ನೂ ನಂಬಲಾರರು.

ಆದುದರಿಂದ ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ತಮ್ಮ ಎಲ್ಲೆಯಲ್ಲಿ ಇಂಥ ಅಳತೆ ನಡೆಯುವಾಗ ಗುರುತಿನ ಬಂಡೆಗಳು ಯಾವುವೆಂಬುದನ್ನು ಕೇಳಿ ತಿಳಿದು, ಅವುಗಳನ್ನು ಯಾರೂ ಒಡೆಯದಂತೆ ಕಾಯುವುದು ಉಚಿತ. ನೆಲದ ಬಿರುಕು, ವಾಲಿದ ಮರ, ಕೆಸರಾದ ಒರತೆ ಇವು ಕಂಡರೆ ಯಂತ್ರದ ಮಾತಿಗೆ ಕಾಯದೆ ಕೂಡಲೆ ತಾಲ್ಲೂಕು ಕಚೇರಿಗೆ ತಿಳಿಸತಕ್ಕದ್ದು.